ಗೋಡೆಗೊಂದು ಕಂಬಳಿ

"ಏನೇ ಇದು, ಗೋಡೆಗೂ ಚಳಿ ಆಗತ್ತೇನೆ?"

ಅತ್ತೆ ಹೀಗೆ ಕೇಳಿದಾಗ ನಾನು ಸ್ಟೂಲಿನ ಮೇಲೆ ನಿಂತು ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡಿದ್ದೆ. ಹಾಗಾಗಿ ಉತ್ತರ ಹೇಳುವ ಹೊಣೆ ಸ್ಟೂಲು ಹಿಡಿದುಕೊಂಡಿದ್ದ ನಮ್ಮವರ ಮೇಲೆ ಬಿತ್ತು. ಅವರು 36 ವರ್ಷ ಬ್ಯಾಂಕಿನಲ್ಲಿದ್ದವರು. ತಮಗೆ ಸೇರದ ಪ್ರಶ್ನೆಯನ್ನು ಪಕ್ಕದ ಕೌಂಟರಿಗೆ ಕಳಿಸುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. "ಅವಳನ್ನೇ ಕೇಳಮ್ಮ" ಎಂದರು.

ಸಂಗತಿ ಇಷ್ಟೇ. ಮೈಸೂರಿನ ನಮ್ಮ ಮನೆಯ ಹಾಲಿನ ಒಂದು ಗೋಡೆಗೆ ತೇವದ ಕಾಯಿಲೆ. ಮಳೆಗಾಲ ಹಿಡಿಯಿತೆಂದರೆ ಅಲ್ಲೊಂದು ಕಲೆ ಏಳುತ್ತದೆ, ಸುಣ್ಣ ಹಪ್ಪಳದ ಹಾಗೆ ಉಬ್ಬುತ್ತದೆ, ದೀಪಾವಳಿ ಹೊತ್ತಿಗೆ ಸೋಫಾದ ಮೇಲೆ ಉದುರುತ್ತದೆ. ವಾಟರ್‌ಪ್ರೂಫಿಂಗ್ ಮಾಡುವವರು ಮೂರು ಸಲ ಬಂದರು, ಮೂರು ಬಣ್ಣದ ಡಬ್ಬಿ ಖಾಲಿ ಮಾಡಿದರು, ಮೂರು ಕಾರಣ ಹೇಳಿಹೋದರು. ಕಲೆ ಯಾರ ಮಾತನ್ನೂ ಕೇಳಲಿಲ್ಲ. ಒಂದು ವರ್ಷ ಅತ್ತೆಗೆ ಆ ಕಲೆಯಲ್ಲಿ ಗಣಪತಿ ಕಂಡ. ಅವರು ತೋರಿಸಿಕೊಟ್ಟ ಮೇಲೆ ನಮಗೂ ಕಂಡ, ಒಮ್ಮೆ ಕಂಡವನನ್ನು ಕಾಣದಿರುವುದು ಹೇಗೆ? ಆಗಸ್ಟಿನ ಜಡಿಮಳೆಗೆ ಸೊಂಡಿಲು ಎಡದಿಂದ ಬಲಕ್ಕೆ ಹೊರಳಿತು. ಬಲಮುರಿ ಗಣಪತಿಗೆ ಮಡಿ ಜಾಸ್ತಿ, ಅವನ ಎದುರು ಕೂತು ಟಿ.ವಿ. ಧಾರಾವಾಹಿ ನೋಡಬಹುದೇ ಎಂಬ ಜಿಜ್ಞಾಸೆ ಎರಡು ದಿನ ನಡೆಯಿತು.

ಈ ಗೋಡೆಯನ್ನು ಮುಚ್ಚಲೆಂದೇ ನಾನು ಬೆಲ್ಜಿಯಮ್ಮಿನಿಂದ ಒಂದು ಟೇಪಿಸ್ಟ್ರಿಯನ್ನು ಸುರುಳಿ ಸುತ್ತಿ ಹೊತ್ತು ತಂದಿದ್ದೆ. ಹಳೆಯ ಕಾಲದ ಯುರೋಪಿನ ಅರಮನೆಗಳಲ್ಲಿ ತೂಗುತ್ತಿದ್ದಂಥದ್ದು, ಅಂದರೆ ಅಂಥದ್ದರ ನಕಲು. ಅದನ್ನು ಕನ್ನಡದಲ್ಲಿ ಚಿತ್ರಪಟವೆನ್ನಲೋ, ಚಿತ್ರಗಂಬಳಿಯೆನ್ನಲೋ ಎಂದು ನಾನು ಯೋಚಿಸುತ್ತಿರುವಷ್ಟರಲ್ಲೇ ಕೆಲಸಕ್ಕೆ ಬರುವಾಕೆ "ಗೋಡೆ ಕಂಬಳಿ" ಎಂದು ಹೆಸರಿಟ್ಟು ಮುಗಿಸಿದಳು. ಈಗ ನಮ್ಮನೆಯಲ್ಲಿ ಎಲ್ಲರೂ ಹಾಗೇ ಅನ್ನುವುದು.

ಗೋಡೆಗೆ ಚಳಿಯಾಗುತ್ತದೆಯೋ ಇಲ್ಲವೋ ಕಾಣೆ, ಗೋಡೆಯಿಂದ ಚಳಿಯಾಗುವುದು ಮಾತ್ರ ನಿಜ. ಇದು ನನಗೆ ಗೊತ್ತಾದದ್ದು ಗೆಂಟ್ ಊರಿನ ಕೋಟೆಯಲ್ಲಿ. ಮಗಳು ಲ್ಯೂವೆನ್ನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. "ಫೆಬ್ರವರಿಯಲ್ಲಿ ಮಾತ್ರ ಬರಬೇಡಿ" ಎಂದು ಅವಳು ಹೇಳಿದ್ದಳು. ಟಿಕೆಟ್ಟು ಅಗ್ಗ ಎಂದು ಅವಳಪ್ಪ ಫೆಬ್ರವರಿಯಲ್ಲೇ ಹೊರಡಿಸಿದರು. ಗೆಂಟಿನ ಕೋಟೆ 1180ರಲ್ಲಿ ಫ್ಲಾಂಡರ್ಸಿನ ದೊರೆ ಕಟ್ಟಿಸಿದ್ದು. ಒಳಗೆ ಕಾಲಿಟ್ಟರೆ ಹೊರಗಿನ ಚಳಿಯೇ ವಾಸಿ ಎನಿಸಿತು. ಕಲ್ಲು ಎಂಟುನೂರು ಚಳಿಗಾಲಗಳನ್ನು ಫಿಕ್ಸೆಡ್ ಡಿಪಾಜಿಟ್ ಇಟ್ಟುಕೊಂಡು, ಬಂದವರಿಗೆಲ್ಲ ಬಡ್ಡಿ ಹಂಚುತ್ತಿತ್ತು. ಸ್ವೆಟರು, ಶಾಲು, ಮೇಲೊಂದು ಮಗಳ ಜಾಕೆಟ್ಟು ಹೊದ್ದಿದ್ದ ನನಗೆ ಆಗ ಅನ್ನಿಸಿದ್ದು ಇಷ್ಟೇ: ಈ ಗೋಡೆಗೆ ಯಾರಾದರೂ ಏನಾದರೂ ಹೊದಿಸಬಾರದೆ?

ಹೊದಿಸುತ್ತಿದ್ದರು. ಉಣ್ಣೆಯಲ್ಲಿ ನೇಯ್ದ, ಆಳಿಗಿಂತ ಎತ್ತರದ ಬಟ್ಟೆಗಳನ್ನು ಗೋಡೆಯುದ್ದಕ್ಕೂ ಇಳಿಬಿಡುತ್ತಿದ್ದರು. ದೊಡ್ಡ ಹಜಾರವನ್ನು ಭಾಗ ಮಾಡಲಿಕ್ಕೆ, ಬಾಗಿಲ ಸಂದಿಯ ಗಾಳಿ ತಡೆಯಲಿಕ್ಕೆ, ಮಂಚದ ಸುತ್ತ ಪರದೆಗೆ, ಎಲ್ಲಕ್ಕೂ ಅದೇ. ಉತ್ತರ ಫ್ರಾನ್ಸಿನ ಅರಾಸ್ ಎಂಬ ಊರು ಇದರಲ್ಲಿ ಎಷ್ಟು ಹೆಸರು ಮಾಡಿತೆಂದರೆ ಇಂಗ್ಲಿಷರು ಆ ಬಟ್ಟೆಯನ್ನೇ ಅರಾಸ್ ಎಂದು ಕರೆದರು, ನಮ್ಮಲ್ಲಿ ಇಳಕಲ್ ಎಂದರೆ ಸೀರೆ ಎಂದಾದ ಹಾಗೆ. ಆದರೆ ಬೆಚ್ಚಗಿರಲಿ ಎಂಬುದೊಂದೇ ಕಾರಣವಾಗಿದ್ದರೆ ಬರೀ ಕಂಬಳಿ ಸಾಕಿತ್ತು. ಅದರ ಮೇಲೆ ಟ್ರಾಯ್ ಯುದ್ಧ, ಬೈಬಲಿನ ಅಬ್ರಹಾಮ, ಬೇಟೆಯ ಹಂದಿ ಎಲ್ಲ ಯಾಕೆ ಬೇಕಿತ್ತು? ಬಂದವರು ನೋಡಲಿ ಎಂದು. ಪೋಪ್ ಹತ್ತನೆಯ ಲಿಯೋ ಸಿಸ್ಟೀನ್ ಚಾಪೆಲ್ಲಿಗೆಂದು ರಾಫೆಲ್ ಕೈಲಿ ಚಿತ್ರ ಬರೆಸಿ ಬ್ರಸೆಲ್ಸಿನಲ್ಲಿ ನೇಯಿಸಿದ. ಅದಕ್ಕೆ ಬಿದ್ದ ಖರ್ಚು, ಅದೇ ಚಾಪೆಲ್ಲಿನ ಚಾವಣಿಗೆ ಮೈಕೆಲೇಂಜಲೋ ಪಡೆದದ್ದರ ಐದು ಪಟ್ಟಿಗೂ ಮೇಲು. ನಾವೀಗ ಕುತ್ತಿಗೆ ನೋಯಿಸಿಕೊಂಡು ನೋಡುವ ಚಾವಣಿ ಆ ಕಾಲದ ಲೆಕ್ಕದಲ್ಲಿ ಕಡಿಮೆ ಖರ್ಚಿನ ಬಾಬತ್ತು. ಈ ಮಾಹಿತಿ ಕೇಳಿ ನಮ್ಮವರು ಬಹಳ ಹೊತ್ತು ಮೌನವಾಗಿದ್ದರು.

ನನಗೆ ಇಷ್ಟವಾದದ್ದು ಮತ್ತೊಂದು ಕಾರಣ. ಆ ದೊರೆಗಳಿಗೆ ಒಂದೂರಲ್ಲಿ ನೆಲೆಯಿರಲಿಲ್ಲ. ಈ ತಿಂಗಳು ಈ ಕೋಟೆ, ಬರುವ ತಿಂಗಳು ಇನ್ನೊಂದು. ಹೊರಡುವಾಗ ಗೋಡೆಗಳನ್ನು ಸುರುಳಿ ಸುತ್ತಿ ಗಾಡಿಗೆ ಹಾಕುವುದು, ಮುಂದಿನ ಊರಲ್ಲಿ ದೊರೆ ಬರುವ ಮುಂಚೆ ಆಳುಗಳು ಹೋಗಿ ತೂಗುಹಾಕುವುದು. ಬರ್ಗಂಡಿಯ ಡ್ಯೂಕ್ ಫಿಲಿಪ್ ತನ್ನ ಟೇಪಿಸ್ಟ್ರಿಗಳನ್ನು ಇಡಲೆಂದೇ ಅರಾಸಿನಲ್ಲಿ ಕಲ್ಲಿನ ಉಗ್ರಾಣ ಕಟ್ಟಿಸಿದ್ದ. ಅವನ ಮಗ ಚಾರ್ಲ್ಸ್ ಇನ್ನೂ ಒಂದು ಕೈ ಮೇಲು, ಯುದ್ಧಕ್ಕೂ ಗೋಡೆ ಕಟ್ಟಿಕೊಂಡೇ ಹೋಗುತ್ತಿದ್ದ. 1476ರಲ್ಲಿ ಗ್ರಾನ್ಸೋನ್ ಎಂಬಲ್ಲಿ ಸ್ವಿಸ್ಸರ ಕೈಲಿ ಸೋತು ಓಡಬೇಕಾದಾಗ ಗೋಡೆ ಮಡಿಸಲು ಪುರಸೊತ್ತಾಗಲಿಲ್ಲ. ಹಸಿರು ನೆಲದ ಮೇಲೆ ಹೂವೋ ಹೂವು ಚೆಲ್ಲಿದ ಅವನಪ್ಪನ ಕಾಲದ ಟೇಪಿಸ್ಟ್ರಿಯೊಂದು ಇವತ್ತಿಗೂ ಸ್ವಿಟ್ಜರ್ಲೆಂಡಿನ ಬರ್ನ್ ಮ್ಯೂಸಿಯಮ್ಮಿನಲ್ಲಿದೆ.

ನಮಗೂ ಹನ್ನೊಂದು ವರ್ಗಾವಣೆಗಳಾದವು. ಶಿರಸಿ, ಗಂಗಾವತಿ, ಹಾಸನ, ನಡುವೆ ಎರಡು ವರ್ಷ ಉತ್ತರಪ್ರದೇಶ. ನಮ್ಮ ಹತ್ತಿರ ಗೋಡೆಗೆ ಹಾಕುವುದು ಏನೂ ಇರಲಿಲ್ಲ, ಕ್ಯಾಲೆಂಡರ್ ಬಿಟ್ಟರೆ. ಆದರೆ ಪ್ರತಿ ಊರಲ್ಲೂ ಲಾರಿಯಿಂದ ಮೊದಲು ಇಳಿಯುತ್ತಿದ್ದದ್ದು ನನ್ನ ತವರಿನ ಜಮಖಾನ. ನನ್ನದು ಧಾರವಾಡ. ಮದುವೆಯಲ್ಲಿ ಅವ್ವ ಕೊಟ್ಟ ನವಲಗುಂದದ ಜಮಖಾನ ಅದು, ನಡುವೆ ಪಗಡೆ ಹಾಸು, ನಾಲ್ಕು ಮೂಲೆಗೆ ನವಿಲು. ಅದನ್ನು ಹಾಸಿ ಕೂತು ಒಂದು ಲೋಟ ಚಹಾ ಕುಡಿದೆವೆಂದರೆ ಆ ಬಾಡಿಗೆ ಮನೆ ನಮ್ಮದು. ಡ್ಯೂಕನ ಆಳುಗಳು ಮೊಳೆ ಹೊಡೆಯುವಾಗ ಡ್ಯೂಕನಿಗೆ ಹೀಗೇ ಅನ್ನಿಸುತ್ತಿತ್ತೋ ಏನೋ.

ಈ ಹೋಲಿಕೆ ನಾನು ಸುಮ್ಮನೆ ಎಳೆದು ತಂದದ್ದಲ್ಲ. ಎರಡರ ನೇಯ್ಗೆಯೂ ಒಂದೇ ಜಾತಿಯದು. ಸೀರೆಯಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಇಲ್ಲಿ ಹಾಗಲ್ಲ. ಕೆಂಪು ಎಲ್ಲಿ ಮುಗಿಯುತ್ತದೋ ಕೆಂಪು ದಾರ ಅಲ್ಲೇ ಹಿಂತಿರುಗುತ್ತದೆ, ಪಕ್ಕದಲ್ಲಿ ನೀಲಿ ಶುರುವಾಗುತ್ತದೆ. ಒಂದು ಸಾಲಿನಲ್ಲಿ ಹತ್ತು ಬಣ್ಣವಿದ್ದರೆ ಹತ್ತು ಉಂಡೆ ದಾರ ತೂಗಾಡುತ್ತಿರುತ್ತವೆ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ. ಆಮೇಲೆ ಹಣಿಗೆಯಿಂದ ಹೊಕ್ಕನ್ನು ಎಷ್ಟು ಒತ್ತಾಗಿ ಬಡಿಯುತ್ತಾರೆಂದರೆ ಹಾಸು ಪೂರ್ತಿ ಮುಚ್ಚಿಹೋಗುತ್ತದೆ. ನವಲಗುಂದದಲ್ಲಿ ಇದನ್ನು ನೇಯುವವರು ಹೆಣ್ಣುಮಕ್ಕಳು. ಚಿಕ್ಕಂದಿನಲ್ಲಿ ಅವ್ವನ ಜೊತೆ ಹೋಗಿ ನೋಡಿದ ನೆನಪು: ನಿಲುವು ಮಗ್ಗದ ಮುಂದೆ ಇಬ್ಬರು ಪಕ್ಕಪಕ್ಕ ಕೂತು, ಮಾತು ನಿಲ್ಲಿಸದೆ, ಕಬ್ಬಿಣದ ಪಂಜಾದಿಂದ ಧಪ್ ಧಪ್ ಎಂದು ಬಡಿಯುತ್ತಿದ್ದರು. ಅವರ ಹಿರಿಯರು ಬಿಜಾಪುರದಿಂದ ಬಂದವರಂತೆ. ಮಾತಿನಲ್ಲಿ ನಾವು "ಹಾಸುಹೊಕ್ಕು" ಎಂದು ಎರಡನ್ನೂ ಸಮ ಮಾಡುತ್ತೇವೆ. ಈ ಬಟ್ಟೆಯಲ್ಲಿ ಮಗ್ಗದ ಎಳೆತವನ್ನೆಲ್ಲ ತಾಳುವುದು ಹಾಸು, ಹೆಸರು ಬರುವುದು ಹೊಕ್ಕಿಗೆ. ನಮ್ಮ ಮನೆಯಲ್ಲಿ ಹಾಸು ಯಾರು, ಹೊಕ್ಕು ಯಾರು ಎಂಬ ವಿಷಯಕ್ಕೆ ಇಲ್ಲಿ ಹೋಗುವುದು ಬೇಡ.

ಯುರೋಪಿನ ನೇಕಾರ ಬಟ್ಟೆಯ ಬೆನ್ನಿನ ಕಡೆ ಕೂತು ನೇಯುತ್ತಿದ್ದ. ಚಿತ್ರದ ಮುಖ ಅವನಿಗೆ ಕಾಣದು. ನಿಲುವು ಮಗ್ಗದಲ್ಲಾದರೆ ಆಚೆ ಒಂದು ಕನ್ನಡಿ ಇಟ್ಟುಕೊಂಡು ಎಳೆಗಳ ಸಂದಿಯಿಂದ ಇಣುಕುವುದು. ಸಾಲದ್ದಕ್ಕೆ ಮಗ್ಗದ ಮೇಲೆ ಚಿತ್ರ ಅಡ್ಡ ಮಲಗಿರುತ್ತದೆ, ಮುಗಿಸಿ ಇಳಿಸಿ ತೂಗುಹಾಕಿದಾಗಲೇ ದೊರೆಸಾನಿ ಎದ್ದು ನಿಲ್ಲುವುದು. ಹೀಗೆ ತಿಂಗಳಿಡೀ ಕೂತರೆ ಒಬ್ಬನಿಂದ ಒಂದು ಚದರ ಮೀಟರ್ ಆಗುವುದೂ ಕಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಮಾರಿಸ್ ಎಂಬ ಇಂಗ್ಲಿಷ್ ಕವಿಗೆ ಈ ವಿದ್ಯೆ ಮತ್ತೆ ತರಬೇಕೆಂಬ ಹುಚ್ಚು ಹಿಡಿದು, ಮಲಗುವ ಕೋಣೆಯಲ್ಲೇ ಮಗ್ಗ ಹೂಡಿ, 1879ರಲ್ಲಿ ಬೆಳಗಿನ ಜಾವ ಎದ್ದು ಎದ್ದು 516 ಗಂಟೆ ನೇಯ್ದ. ಅಕ್ಯಾಂಥಸ್ ಎಂಬ ಗಿಡದ ಎಲೆ, ದ್ರಾಕ್ಷಿ ಬಳ್ಳಿ. ಎಲ್ಲ ಮುಗಿದ ಮೇಲೆ ಅದಕ್ಕೆ ಬಂದ ಅಡ್ಡಹೆಸರು "ಎಲೆಕೋಸು ಮತ್ತು ದ್ರಾಕ್ಷಿ". ಅವನ ಹೆಂಡತಿ ಅದೇ ಕೋಣೆಯಲ್ಲಿ ಮಲಗುತ್ತಿದ್ದಳೋ ಇಲ್ಲವೋ ಎಂದು ನಮ್ಮವರು ವಿಚಾರಿಸಿದರು. ಅದು ನನ್ನ ಕೌಂಟರ್ ಅಲ್ಲ ಎಂದೆ.

ಮಾತು ಎಲ್ಲಿಗೋ ಹೋಯಿತು. ಎಲ್ಲರೂ ಹೇಳುವ ಬೇಯೋ ಟೇಪಿಸ್ಟ್ರಿಯನ್ನು ನೋಡಲಿಲ್ಲವೇ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ: ಅದು ಟೇಪಿಸ್ಟ್ರಿಯೇ ಅಲ್ಲ. 70 ಮೀಟರ್ ಉದ್ದದ ನಾರುಬಟ್ಟೆಯ ಮೇಲೆ ಉಣ್ಣೆದಾರದಲ್ಲಿ ಹಾಕಿದ ಕಸೂತಿ, 1066ರ ಯುದ್ಧದ ಕಥೆ. ಧಾರವಾಡದವಳಾದ ನನಗೆ ಕಸೂತಿ ಯಾವುದು ನೇಯ್ಗೆ ಯಾವುದು ಎಂದು ಗೊತ್ತಾಗದಿದ್ದರೆ ಅವ್ವನ ಹೆಸರು ಹಾಳು. ಅದರ ಅಂಚಿನಲ್ಲಿ ಅಲ್ಲಲ್ಲಿ ಬತ್ತಲೆ ಗಂಡಸರಿದ್ದಾರೆ. 1880ರ ದಶಕದಲ್ಲಿ ಇಂಗ್ಲೆಂಡಿನ ಲೀಕ್ ಎಂಬ ಊರಿನ ಹೆಂಗಸರು ಸೇರಿ ಫೋಟೋ ನೋಡಿಕೊಂಡು ಇಡೀ ಕಸೂತಿಯ ಪ್ರತಿ ತೆಗೆದರು. ಪಾಪ, ಅವರಿಗೆ ಫೋಟೋ ಕೊಟ್ಟ ಮ್ಯೂಸಿಯಮ್ಮಿನವರು ಮುಂಚೆಯೇ ಆ ಗಂಡಸರಿಗೆ ಚಡ್ಡಿ ತೊಡಿಸಿಬಿಟ್ಟಿದ್ದರು. ಹೆಂಗಸರು ಕಂಡದ್ದನ್ನು ಕಂಡ ಹಾಗೆ ಹೊಲಿದರು. ಆ ಚಡ್ಡಿಗಳು ಈಗಲೂ ರೆಡಿಂಗ್ ಮ್ಯೂಸಿಯಮ್ಮಿನಲ್ಲಿವೆ.

ನಾನು ನೋಡಲೇಬೇಕೆಂದು ಹಟ ಹಿಡಿದು ನೋಡಿದ್ದು ಪ್ಯಾರಿಸ್ಸಿನ ಕ್ಲೂನಿ ಮ್ಯೂಸಿಯಮ್ಮಿನ ಆರು ಟೇಪಿಸ್ಟ್ರಿಗಳನ್ನು. ಸುಮಾರು 1500ರ ಕಾಲದವು. ಹೆಣ್ಣೊಬ್ಬಳು, ಒಂದು ಕಡೆ ಸಿಂಹ, ಇನ್ನೊಂದು ಕಡೆ ಒಂಟಿಕೊಂಬಿನ ಬಿಳಿ ಕುದುರೆ. ಐದು ಟೇಪಿಸ್ಟ್ರಿ ಐದು ಇಂದ್ರಿಯಗಳಿಗೆ, ಆರನೆಯದರ ಅರ್ಥದ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಕತ್ತಲ ಕೋಣೆ, ಮಂದ ಬೆಳಕು. ಮೂರು ಮೀಟರಿಗೂ ಎತ್ತರದ ಕೆಂಪು, ಅದರ ತುಂಬ ಹೂಗಿಡ, ಮೊಲ, ನಾಯಿಮರಿ. ಆ ಮೊಲಗಳನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ, ಕಾವಲಿನವನು ಎರಡು ಸಲ ನನ್ನ ಕಡೆ ನೋಡಿದ. ಎಲ್ಲೆಲ್ಲಿ ಬಾವುಟವಿದೆಯೋ ಅಲ್ಲೆಲ್ಲ ಮೂರು ಅರ್ಧಚಂದ್ರ. ಅದು ನೇಯಿಸಿದ ಲ್ ವೀಸ್ತ್ ಮನೆತನದ ಲಾಂಛನ. ಲಿಯೋಂ ಊರಿನಿಂದ ಬಂದು ಪ್ಯಾರಿಸ್ಸಿನಲ್ಲಿ ಕಾನೂನಿನ ಹುದ್ದೆಗಳಲ್ಲಿ ಮೇಲೇರಿದ ಕುಟುಂಬ. ಅರ್ಧಚಂದ್ರಗಳನ್ನು ಎಣಿಸುತ್ತ ಎಣಿಸುತ್ತ, ಮದುವೆ ಉಡುಗೊರೆಯ ಸ್ಟೀಲ್ ಡಬರಿ ಮೇಲೆ ಕೊಟ್ಟವರ ಹೆಸರು, ಊರು, ತಾರೀಕು ಕೆತ್ತಿಸುವ ನಮ್ಮ ಬಂಧುಗಳ ನೆನಪಾಗಿ ಆ ಮನೆಯವರು ನನಗೆ ತೀರ ಹತ್ತಿರದವರೆನಿಸಿದರು.

ಹತ್ತಿರ ಹೋಗಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಮೇಲಿನ ಕೆಂಪು ಗಟ್ಟಿಯಾಗಿದೆ, ಬುಡದ ಕೆಂಪು ಪೇಲವ. ಮಗಳು ಓದಿ ಹೇಳಿದಳು. ಇವು ಬಹುಕಾಲ ಬೂಸಾಕ್ ಎಂಬ ಊರಿನ ಕೋಟೆಯಲ್ಲಿದ್ದವಂತೆ. ತೇವಕ್ಕೆ, ಇಲಿಗಳಿಗೆ ಬುಡವೆಲ್ಲ ಹಾಳಾಗಿತ್ತು. 1841ರಲ್ಲಿ ಪ್ರೊಸ್ಪೇರ್ ಮೆರಿಮೆ, 'ಕಾರ್ಮೆನ್' ಕಥೆ ಬರೆದವನೇ, ಹಳೆಯ ಕಟ್ಟಡಗಳ ತಪಾಸಣೆಯ ಕೆಲಸದ ಮೇಲೆ ಹೋಗಿ ಇವನ್ನು ಕಂಡ. ಮನೆಯ ಹಿಂದಿನ ಒಡೆಯರು ಇಂಥವೇ ಇನ್ನು ಕೆಲವನ್ನು ಕತ್ತರಿಸಿ ಗಾಡಿಗೆ ಹೊದಿಸಿ, ನೆಲಕ್ಕೆ ಹಾಸಿ ಮುಗಿಸಿದ್ದರೆಂದು ಬರೆದ. ಕ್ಲೂನಿಗೆ ಬಂದದ್ದು 1882ರಲ್ಲಿ. ಹಾಳಾದ ಬುಡವನ್ನು ಹತ್ತೊಂಬತ್ತನೆಯ ಶತಮಾನದ ಹೊಸ ಬಣ್ಣದ ದಾರದಲ್ಲಿ ನೇಯ್ದು ಕೂಡಿಸಿದರು. ಬೇರಿನಿಂದ ತೆಗೆದ ಐದುನೂರು ವರ್ಷದ ಕೆಂಪು, ನಮ್ಮ ಮಂಜಿಷ್ಠದ ಬಳಗದ್ದು, ಇನ್ನೂ ನಿಂತಿತ್ತು. ನೂರು ವರ್ಷದ್ದು ಬಿಳಿಚಿಕೊಂಡಿತು.

ತೇವ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಗಿತ್ತು. ನಮ್ಮ ಗಣಪತಿ ನೆನಪಾದ.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಈ ಬಟ್ಟೆಗಳ ಪಾಡು ಇನ್ನೂ ಚೆನ್ನ. ಆಂಜೆ ಊರಿನ ಚರ್ಚಿನಲ್ಲಿದ್ದ ನೂರು ಮೀಟರಿಗೂ ಉದ್ದದ ಟೇಪಿಸ್ಟ್ರಿಯನ್ನು ತುಂಡು ಮಾಡಿ ಕುದುರೆ ಲಾಯಕ್ಕೆ ಬಡಿದರು, ಹಿಮ ಬೀಳದಂತೆ ಕಿತ್ತಳೆ ಗಿಡಗಳಿಗೆ ಹೊದಿಸಿದರು. ಈಗ ನ್ಯೂಯಾರ್ಕಿನಲ್ಲಿರುವ ಒಂಟಿಕೊಂಬಿನ ಬೇಟೆಯ ಏಳು ಟೇಪಿಸ್ಟ್ರಿಗಳನ್ನು ರಾಕ್‌ಫೆಲರ್ ಲಕ್ಷಗಟ್ಟಲೆ ಡಾಲರ್ ಕೊಟ್ಟು 1922ರಲ್ಲಿ ಕೊಂಡನಲ್ಲ, ಅವು ಅದಕ್ಕೆ ಮುಂಚೆ ಒಂದು ಕಣಜದಲ್ಲಿ ಆಲೂಗೆಡ್ಡೆ ಮೇಲೆ ಹೊದಿಕೆಯಾಗಿದ್ದವು. ಮಗಳು ಇದನ್ನು ಓದಿ "ಎಂಥ ಬರ್ಬರರು!" ಎಂದಳು. ನನಗೆ ಆ ರೈತನ ಮೇಲೆ ಅಷ್ಟೇನೂ ಸಿಟ್ಟು ಬರಲಿಲ್ಲ. ದಪ್ಪ ಉಣ್ಣೆಬಟ್ಟೆ, ಹೊರಗೆ ಹಿಮ, ಒಳಗೆ ವರ್ಷದ ಅನ್ನ. ಅವನ ಜಾಗದಲ್ಲಿ ನಾನಿದ್ದಿದ್ದರೆ ಮೊದಲು ಮೊಲವನ್ನು ನೋಡುತ್ತಿದ್ದೆನೋ ಆಲೂಗೆಡ್ಡೆಯನ್ನೋ?

ನಮ್ಮ ಗೋಡೆ ಕಂಬಳಿ ಕೊಂಡದ್ದು ಬ್ರೂಜ್ ಊರಿನ ಅಂಗಡಿಯಲ್ಲಿ. ಅಂಗಡಿ ತುಂಬ ಮಧ್ಯಯುಗ ತೂಗಾಡುತ್ತಿತ್ತು, ದಿಂಬಿನ ಚೀಲದಲ್ಲೂ ಒಂಟಿಕೊಂಬು, ಕನ್ನಡಕದ ಡಬ್ಬಿಯಲ್ಲೂ. ಎಲ್ಲ ಯಂತ್ರದಲ್ಲಿ ನೇಯ್ದವು, ಜಕಾರ್ಡ್ ಮಗ್ಗದ ಸಂತತಿ. 1804ರಲ್ಲಿ ಲಿಯೋಂನ ಜಕಾರ್ಡ್ ತೂತು ಹೊಡೆದ ರಟ್ಟಿನ ಮಾಲೆಯಿಂದ ಯಾವ ಎಳೆ ಏಳಬೇಕು ಯಾವುದು ಮಲಗಬೇಕು ಎಂದು ಮಗ್ಗಕ್ಕೆ ಹೇಳಿಕೊಟ್ಟ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ನೆತ್ತಿಯ ಮೇಲೆ ತಿರುಗುವ ಆ ರಟ್ಟಿನ ಮಾಲೆಯನ್ನು ನಾನೇ ನೋಡಿದ್ದೇನೆ. "ತೂತು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ನಾನೂ ಅದನ್ನೇ ಮಾಡೋದು ಅಮ್ಮ" ಎಂದಳು ಮಗಳು. ಇಷ್ಟು ವರ್ಷಕ್ಕೆ ಅವಳ ಕೆಲಸ ಏನೆಂದು ಅರ್ಥವಾಯಿತು. ಕೈನೇಯ್ಗೆಯಲ್ಲದ ಮೇಲೆ ಅದು ಅಸಲಿ ಹೇಗಾಯಿತು ಎಂದು ಕೇಳಬಹುದು. ಆಗಿನ ಕಾಲದಲ್ಲೂ ಡ್ಯೂಕರ ಮನೆಗೆ ನೇಯ್ದದ್ದು, ಇಂಗ್ಲೆಂಡಿನ ವರ್ತಕ, ರೈತರ ಮನೆಗೆ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಅಗ್ಗದ ನಕಲು. ನಕಲು ತೂಗುಹಾಕುವ ನಮ್ಮಂಥವರ ಪರಂಪರೆ ಅಸಲಿಯದಷ್ಟೇ ಹಳೆಯದು.

ನನಗೆ ನಗು ಬಂದದ್ದು ಬಣ್ಣದ ವಿಷಯಕ್ಕೆ. ಹಳೆಯ ಟೇಪಿಸ್ಟ್ರಿಗಳಲ್ಲಿ ಗಿಡದೆಲೆಗಳು ನೀಲಿಯಾಗಿ ಕಾಣುತ್ತವೆ. ಆಗಿನವರು ನೀಲಿಯ ಜೊತೆ ಹಳದಿ ಸೇರಿಸಿ ಹಸಿರು ಮಾಡುತ್ತಿದ್ದರು. ಬೆಳಕು ಬಿದ್ದು ಬಿದ್ದು ಹಳದಿ ಹಾರಿಹೋಗಿ ನೀಲಿ ಉಳಿಯಿತು. ಬೆನ್ನಿನ ಕಡೆ ತಿರುಗಿಸಿದರೆ ಇನ್ನೂ ಗಿಳಿಹಸಿರು, ಕಣ್ಣು ಕುಕ್ಕುವ ಕೆಂಪು. ಅಂಗಡಿಯ ನಕಲಿನಲ್ಲಿ ಎಲೆಗಳು ಹೊಚ್ಚಹೊಸದಾಗಿಯೇ ನೀಲಿ! ಮಾಸಿದ್ದನ್ನೂ ಮಾಸಿದ ಹಾಗೇ ನೇಯ್ದಿದ್ದರು. ಅದಕ್ಕೆ "ಆಂಟಿಕ್ ಶೇಡ್" ಎಂದು ಎರಡು ಕಾಸು ಹೆಚ್ಚು. ಲ್ ವೀಸ್ತ್ ಮನೆಯ ಯಜಮಾನ ಎದ್ದು ಬಂದರೆ ಇದನ್ನು ಅಡುಗೆಮನೆಗೂ ಹಾಕಿಸುತ್ತಿರಲಿಲ್ಲ. ಮನೆಗೆ ತಂದು ಬಿಚ್ಚಿದಾಗ ಅತ್ತೆ ಅಂದದ್ದೂ ಅದನ್ನೇ: "ದುಡ್ಡು ಕೊಟ್ಟು ಮಾಸಲು ತಂದಿದ್ದೀಯಲ್ಲೇ, ಕೆಂಪು ಅಂದ್ರೆ ಕೆಂಪಗಿರಬಾರ್ದೇ?" ಅವರು ಎಂಬತ್ತನಾಲ್ಕನೆಯ ವಯಸ್ಸಿನಲ್ಲೂ ಕೆಂಪಂಚಿನ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ನಮ್ಮ ಮನೆಯಲ್ಲಿ ನಿಜವಾದ ಮಧ್ಯಯುಗದ ಅಭಿರುಚಿ ಯಾರಿಗಾದರೂ ಇದ್ದರೆ ಅದು ಅವರಿಗೇ.

ನಾನು ಆರಿಸಿದ್ದು ಆರರಲ್ಲಿ "ದೃಷ್ಟಿ" ಎಂಬುದನ್ನು. ಹೆಣ್ಣು ಕೂತಿದ್ದಾಳೆ, ಒಂಟಿಕೊಂಬು ಮುಂಗಾಲೆರಡನ್ನೂ ಅವಳ ಮಡಿಲಲ್ಲಿಟ್ಟಿದೆ, ಅವಳು ಹಿಡಿದ ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡುತ್ತಿದೆ. ಸಿಂಹ ಅತ್ತ ತಿರುಗಿ ಇದು ತನಗೆ ಸಂಬಂಧವಿಲ್ಲ ಎನ್ನುವಂತೆ ಬಾವುಟ ಹಿಡಿದಿದೆ. ನೋಡಲು ಬಂದ ಪಕ್ಕದ ಮನೆಯವರಿಗೆ ಹೆಸರು ಹೇಳಿದೆ. "ಓ, ದೃಷ್ಟಿಗಾ? ಒಳ್ಳೆಯದಾಯ್ತು ಬಿಡಿ, ಹೊರಗೆ ಕುಂಬಳಕಾಯಿ ಬೇರೆ ಕೊಳೆತಿತ್ತು" ಎಂದರು.

ತೂಗುಹಾಕಿದ ಮೇಲೆ ತಿಳಿದದ್ದು, ಫ್ಯಾನಿನ ಸ್ವಿಚ್ಚು ಅದರ ಹಿಂದೆ ಹೋಯಿತೆಂದು. ದೊರೆಗಳ ಮನೆಯಲ್ಲಾದರೆ ಬಾಗಿಲಿಗೆ, ಕಿಟಕಿಗೆ ಅಡ್ಡ ಬಂದ ಕಡೆ ಟೇಪಿಸ್ಟ್ರಿಯನ್ನೇ ಕತ್ತರಿಸುತ್ತಿದ್ದರು. ನನಗೆ ಕೈ ಬರಲಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಫ್ಯಾನ್ ಹಾಕಬೇಕಾದರೆ ದೊರೆಸಾನಿಯ ಸೆರಗೆತ್ತಿ ಒಳಗೆ ಕೈಹಾಕಬೇಕು. ನಮ್ಮವರು ಕೆಲವು ದಿನ ಸಂಕೋಚಪಟ್ಟರು, ಸೆಖೆ ಅದನ್ನು ಬಿಡಿಸಿತು. ಮೂರನೆಯ ವಾರ ಒಳಗಿನಿಂದ ಹಲ್ಲಿ ಲೊಚಗುಟ್ಟಿತು. ಅತ್ತೆ "ಕೃಷ್ಣ ಕೃಷ್ಣ" ಎಂದು ಬೆರಳಿನಿಂದ ಕುರ್ಚಿಯ ತೋಳು ಕುಟ್ಟಿದರು. ಅರಾಸಿನ ಹಿಂದೆ ಅವಿತು ಕದ್ದು ಕೇಳುವುದು ಹ್ಯಾಮ್ಲೆಟ್ ನಾಟಕದಲ್ಲಿ ಪೊಲೋನಿಯಸ್ ಮುದುಕನ ಕೆಲಸ, ಅವನನ್ನು ಇಲಿಯೆಂದು ಕರೆದು ಹ್ಯಾಮ್ಲೆಟ್ ಕತ್ತಿ ತೂರಿಸುತ್ತಾನೆ. ನಮ್ಮ ಪೊಲೋನಿಯಸ್ ಹಾಗಲ್ಲ. ಯಾರಾದರೂ ಏನಾದರೂ ಹೇಳುತ್ತಿದ್ದಂತೆ ಒಳಗಿನಿಂದಲೇ ಲೊಚ್ ಎಂದು ಸಾಕ್ಷಿ ಹೇಳುತ್ತಾನೆ. "ನೋಡು, ಹಲ್ಲಿನೂ ನುಡೀತು" ಎಂದು ಅತ್ತೆ ನನ್ನೊಡನೆ ನಾಲ್ಕಾರು ವಾದಗಳನ್ನು ಗೆದ್ದಿದ್ದಾರೆ.

ಎದುರುಮನೆಯ ನಿವೃತ್ತ ಮೇಷ್ಟ್ರು ಬಂದದ್ದು ಜುಲೈ ತಿಂಗಳಲ್ಲಿ. ಕಾಫಿ ಕುಡಿಯುತ್ತ ಬಹಳ ಹೊತ್ತು ನೋಡಿದರು. "ಇವನ್ಯಾರು ಗೊತ್ತಾಯ್ತೇನಮ್ಮ? ನಮ್ಮವನೇ" ಎಂದರು. ಸುಮಾರು 2400 ವರ್ಷದ ಹಿಂದೆ ಪರ್ಷಿಯಾದ ಅರಮನೆಯಲ್ಲಿದ್ದ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯ, ಭಾರತಕ್ಕೆ ಕಾಲಿಡದೆಯೇ, ಅಲ್ಲಿ ಒಂಟಿಕೊಂಬಿನ ಬಿಳಿ ಕಾಡುಕತ್ತೆಯಿದೆಯೆಂದೂ ಅದರ ಕೊಂಬಿನಲ್ಲಿ ಕುಡಿದರೆ ವಿಷ ಏರುವುದಿಲ್ಲವೆಂದೂ ಬರೆದನಂತೆ. ಯುರೋಪಿನ ಒಂಟಿಕೊಂಬಿಗೆ ಅದೇ ಮೂಲ. ಆದರೆ ಈ ಹೆಣ್ಣಿನ ಮಡಿಲು? ಕಾಡಿನಲ್ಲಿ ಯಾರಿಗೂ ಸಿಗದವನು, ತಲೆಯ ಮೇಲೆ ಒಂದೇ ಕೊಂಬು, ಹೆಣ್ಣೊಬ್ಬಳು ಹೋದರೆ ಮಾತ್ರ ಪಳಗಿ ಹಿಂದೆ ಬರುವವನು. ಮೇಷ್ಟ್ರು ಲೋಟ ಕೆಳಗಿಟ್ಟು ನಮ್ಮ ಮುಖ ನೋಡಿದರು.

"ಋಷ್ಯಶೃಂಗ" ಎಂದರು ಅತ್ತೆ, ತರಗತಿಯಲ್ಲಿ ಮೊದಲು ಕೈಯೆತ್ತಿದ ಹುಡುಗಿಯ ಹಾಗೆ.

ಅವನೇ. ಬೌದ್ಧರ ಕಥೆಯಲ್ಲಿ ಅವನ ಹೆಸರೇ ಏಕಶೃಂಗ. ಎರಡು ಕಥೆಗಳಿಗೂ ನಂಟಿದೆಯೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಅತ್ತೆ ಒಡನೆಯೇ ಎದ್ದು ಟೇಪಿಸ್ಟ್ರಿಯ ಬಳಿ ಹೋದರು, ಅದನ್ನು ತೂಗುಹಾಕಿದ ಮೇಲೆ ಮೊದಲ ಸಲ. ಶೃಂಗೇರಿ ಹತ್ತಿರದ ಕಿಗ್ಗಕ್ಕೆ ಹೋಗಿ ಋಷ್ಯಶೃಂಗೇಶ್ವರನ ಪೂಜೆ ಮಾಡಿಸಿ ಬಂದವರು ಅವರು. ಮಳೆ ಬರದಿದ್ದರೆ ಜನ ಅಲ್ಲಿಗೆ ಹೋಗುತ್ತಾರೆ. ರೋಮಪಾದನ ರಾಜ್ಯದಲ್ಲಿ ಅವನು ಕಾಲಿಟ್ಟ ಕೂಡಲೇ ಮಳೆ ಸುರಿದ ಕಥೆ ಯಾರಿಗೆ ಗೊತ್ತಿಲ್ಲ? ಅತ್ತೆ ಟೇಪಿಸ್ಟ್ರಿಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿದರು. ಹಿಂದೆ ಗಣಪತಿ ಹೋದ ವರ್ಷಕ್ಕಿಂತ ಒಂದು ಗೇಣು ಬೆಳೆದಿದ್ದ. "ಮಳೆ ತರಿಸೋನನ್ನೇ ತಂದು ಸೋರೋ ಗೋಡೆಗೆ ನೇತು ಹಾಕಿದ್ಯಲ್ಲೇ. ಇನ್ನೇನಾಗತ್ತೆ!" ಎಂದರು. ಹಲ್ಲಿ ಲೊಚ್ ಎಂದಿತು.

ಮುಂದಿನ ಏಪ್ರಿಲ್ಲಿನಲ್ಲಿ ಗೋಡೆಯ ಗಾರೆ ಕೆತ್ತಿಸಿ ಹೊಸದಾಗಿ ಮಾಡಿಸುವುದೆಂದಾಯಿತು. ಟೇಪಿಸ್ಟ್ರಿ ಇಳಿಸಿದರೆ ಬೆನ್ನಿಗೆಲ್ಲ ಬೂಷ್ಟು, ಹಲ್ಲಿಯ ಎರಡು ಮೊಟ್ಟೆ, ಮುಗ್ಗಲು ವಾಸನೆ. "ಬಿಸಿಲಿಗೆ ಹಾಕು" ಎಂದರು ಅತ್ತೆ. ಬಿಸಿಲಿಗೆ ಬಣ್ಣ ಹೋಗುತ್ತದೆ, ಮ್ಯೂಸಿಯಮ್ಮಿನಲ್ಲಿ ಹೀಗಲ್ಲ, ಮಂದ ಬೆಳಕಿನಲ್ಲಿಟ್ಟಿರುತ್ತಾರೆ ಎಂದು ನಾನು ವಿವರಿಸಿದೆ. ಬಿಸಿಲು ಕಾಣದ ಬಟ್ಟೆ ಬಟ್ಟೆಯೇ ಎಂದು ಅವರು ಕೇಳಿದರು. ಹೇಗೂ ಬಣ್ಣ ಹೋದದ್ದನ್ನೇ ತಂದಿದ್ದೀಯಲ್ಲ ಎಂದು ನಮ್ಮವರು ಸೇರಿಸಿದರು. ಕೊನೆಗೆ ಮಹಡಿ ಮೆಟ್ಟಿಲ ಮೇಲಿನ ನೆರಳಲ್ಲಿ, ಗಾಳಿಗೆ ಮಾತ್ರ, ಹಗ್ಗದ ಮೇಲೆ ಹಾಕುವುದೆಂದು ರಾಜಿಯಾಯಿತು.

ನಾನು ದೇವರಾಜ ಮಾರುಕಟ್ಟೆಯಲ್ಲಿದ್ದಾಗ ಮೋಡ ಕವಿಯಿತು. ಆಟೋ ಹಿಡಿದು ಅಗ್ರಹಾರ ದಾಟುವಷ್ಟರಲ್ಲಿ ಹನಿ ಅಲ್ಲ, ಬೊಗಸೆ ಬೊಗಸೆಯಾಗಿ ಸುರಿಯಿತು. ಮನೆಗೆ ಬಂದವಳೇ ಮಹಡಿ ಹತ್ತಿದೆ. ಹಗ್ಗ ಖಾಲಿ. ತಾರಸಿಯ ಮೇಲೆ ಬೆಳಿಗ್ಗೆ ಒಣಗಹಾಕಿದ್ದ ಐದು ಕಿಲೋ ಬ್ಯಾಡಗಿ ಮೆಣಸಿನಕಾಯಿ ಇದ್ದ ಜಾಗದಲ್ಲಿ ದೊರೆಸಾನಿ ಅಂಗಾತ ಮಲಗಿ ಮಳೆ ಕುಡಿಯುತ್ತಿದ್ದಳು. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ. ಸಿಂಹದ ಮೇಲೊಂದು ಹೂಕುಂಡ, ಗಾಳಿಗೆ ಹಾರದಿರಲೆಂದು. ಕೆಲಸದಾಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅತ್ತೆ ಮೆಟ್ಟಿಲ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದರು.

"ಪ್ಲಾಸ್ಟಿಕ್ ಹಾಳೆ ಇತ್ತಲ್ಲ ಅತ್ತೆ!"

"ಅದು ಹಾರಿಹೋಗತ್ತೆ. ಇದು ದಪ್ಪಗಿದೆ."

ನಾನು ಒಂದು ಇಟ್ಟಿಗೆ ಸರಿಸಿ ಅಂಚು ಎತ್ತಿದೆ. ಕೆಳಗೆ, ಪ್ಯಾರಿಸ್ಸಿನಲ್ಲಿ ಮೇಲಿನ ಅರ್ಧದಲ್ಲಿ ಕಂಡಿದ್ದೆನಲ್ಲ, ಅದೇ ಕೆಂಪು. ಕೈಯಾಡಿಸಿ ನೋಡಿದೆ. ಒಂದು ಮೆಣಸಿನಕಾಯಿಯೂ ನೆಂದಿರಲಿಲ್ಲ.